ಮರಿ ಫ್ರೀ, ಮೊದಲ 14 ದಿನ ಫ್ರೀ ಅಲ್ಲ

ಕಬ್ಬಿನ ಸೀಸನ್ ಶುರುವಾಯ್ತು ಅಂದ್ರೆ ನಮ್ಮ ಚಿಕ್ಕೋಡಿ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಎರಡು ನಮೂನೆ ಫೋಟೋ ಬರ್ತವೆ. ಒಂದು, ಸಕ್ಕರೆ ಫ್ಯಾಕ್ಟರಿ ಮುಂದೆ ಸಾಲುಗಟ್ಟಿ ನಿಂತ ಟ್ರ್ಯಾಕ್ಟರ್‌ಗಳದ್ದು. ಇನ್ನೊಂದು, ರಟ್ಟಿನ ಡಬ್ಬಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ಕೂತ ಬೆಕ್ಕಿನ ಮರಿಗಳದ್ದು. ಕೆಳಗೆ ಒಂದೇ ಸಾಲು: "ಯಾರಿಗರೆ ಬೇಕಾಗಿದ್ರ ಹೇಳ್ರಿ, ಫ್ರೀ ಅದಾವ."

ಹತ್ತು ನಿಮಿಷದಲ್ಲಿ ಹಾರ್ಟ್ ಇಮೋಜಿಗಳ ಮಳೆ. ಒಬ್ಬರೋ ಇಬ್ಬರೋ ಬಂದು ಮರಿ ಒಯ್ಯುತ್ತಾರೆ. ವಾರದ ಮೇಲೆ ಅದೇ ಗ್ರೂಪ್‌ನಲ್ಲಿ ಇನ್ನೊಂದು ಮೆಸೇಜ್: "ಮರಿ ಎರಡು ದಿನದಿಂದ ಏನೂ ತಿನ್ನವಲ್ದು, ವಾಂತಿ ಮಾಡಾಕತ್ತೇತಿ. ಏನ್ ಔಷಧ ಹಾಕಲಿ?"

ಈ ಎರಡು ಮೆಸೇಜ್‌ಗಳ ನಡುವಿನ ಒಂದು ವಾರದ ಬಗ್ಗೆ ಬರೀಬೇಕು ಅನಿಸಿದೆ. ನಾನು ಸಾಫ್ಟ್‌ವೇರ್ ಇಂಜಿನಿಯರ್, ಪಶುವೈದ್ಯನಲ್ಲ. ಊರಿನಿಂದಲೇ ಕೆಲಸ ಮಾಡುವವನು. ಶನಿವಾರ, ಭಾನುವಾರ ರೆಸ್ಕ್ಯೂ ಮಾಡುವ ಗೆಳೆಯರ ಜೊತೆ ಬುಟ್ಟಿ ಹಿಡಿದು ದವಾಖಾನೆಗೆ ಓಡಾಡುತ್ತೇನೆ. ಹಾಗೆ ಓಡಾಡಿ, ಡಾಕ್ಟರರನ್ನು ಕೇಳಿ ಕೇಳಿ ತಿಳಿದದ್ದು ಇಷ್ಟು: ಬೆಕ್ಕಿನ ಮರಿ ಸಾಕುವುದರಲ್ಲಿ ಅಪಾಯ ಇದ್ದದ್ದು ಖರೆ. ಆದರೆ ಅದರಲ್ಲಿ ಬಹುಪಾಲು ಮೊದಲ ಎರಡು ವಾರ ಎಚ್ಚರ ಇದ್ದರೆ ತಡೆಯಬಹುದಾದದ್ದು.

ರೆಸ್ಕ್ಯೂ ಅಂದ್ರೆ ಯಾರು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲ್ಲೂಕುಗಳಲ್ಲಿ ನಾನು ಕಂಡ ಬೆಕ್ಕಿನ ರೆಸ್ಕ್ಯೂ ಅಂದ್ರೆ ಬೋರ್ಡ್ ಹಾಕಿದ ಕಟ್ಟಡ ಅಲ್ಲ. ಒಬ್ಬ ಕಾಲೇಜು ಹುಡುಗಿಯ ಮನೆಯ ಹಿತ್ತಲು ಕೋಣೆ, ಒಬ್ಬ ಶಿಕ್ಷಕರ ಮಾಳಿಗೆ, ಮೆಡಿಕಲ್ ಶಾಪ್‌ನಲ್ಲಿ ಕೆಲಸ ಮಾಡುವ ಹುಡುಗನ ಬೈಕು. ಖರ್ಚೆಲ್ಲ ಅವರ ಕಿಸೆಯಿಂದಲೇ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ತುಂಬಿ ಹರಿದು ನದಿ ದಂಡೆಯ ಊರುಗಳು ಖಾಲಿಯಾದಾಗ ಜನ ದನಕರ ಹೊಡೆದುಕೊಂಡು ಹೊರಟರು. ಬೆಕ್ಕನ್ನು ಹಗ್ಗ ಕಟ್ಟಿ ಕರೆದೊಯ್ಯಲು ಆಗುತ್ತದೆಯೇ? ಅವು ಮಾಳಿಗೆ ಮೇಲೆ ಉಳಿಯುತ್ತವೆ. ಆಮೇಲೆ ಅವುಗಳ ಗತಿ ಏನು ಅಂತ ಕೇಳುವವರು ಇಂಥ ಒಬ್ಬಿಬ್ಬರೇ.

ಇವರ ಮೇಲೆ ಗೌರವ ಇಟ್ಟುಕೊಂಡೇ ಒಂದು ಮಾತು ಹೇಳಬೇಕು. ನಾಲ್ಕು ಕಡೆಯಿಂದ ಬಂದ ಮರಿಗಳು ಒಂದೇ ಕೋಣೆಯಲ್ಲಿ ಇರುತ್ತವೆ. ಒಂದಕ್ಕೆ ರೋಗ ಇದ್ದರೆ ಉಳಿದವಕ್ಕೂ ಬರುತ್ತದೆ. ಅದು ಅವರ ನಿಷ್ಕಾಳಜಿ ಅಲ್ಲ, ಜಾಗದ ಕೊರತೆ. ಹಾಗಾಗಿ ಜವಾಬ್ದಾರಿಯ ಅರ್ಧ ಭಾಗ ಮರಿ ಒಯ್ಯುವ ನಮ್ಮದು.

ಕಬ್ಬಿನಲ್ಲಿ ಸಿಕ್ಕ ಮರಿ: ಮೊದಲು ಕೈ ಹಚ್ಚಬೇಡಿ

ಕಬ್ಬು ಕಡಿಯುವಾಗ ಸಿಗುವ ಮರಿಗಳೆಲ್ಲ ಮನೆ ಬೆಕ್ಕಿನವೇ ಆಗಿರಬೇಕಿಲ್ಲ. ಕಾಡುಬೆಕ್ಕು ಕಬ್ಬಿನ ಗದ್ದೆಯಲ್ಲೇ ಮರಿ ಹಾಕುತ್ತದೆ. ಚಿಕ್ಕವಿದ್ದಾಗ ಎರಡಕ್ಕೂ ವ್ಯತ್ಯಾಸ ಗುರುತಿಸುವುದು ಕಷ್ಟ. ಕಾಡುಬೆಕ್ಕು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬರುವ ಪ್ರಾಣಿ. ಸಾಕುವಂತಿಲ್ಲ.

ಪುಣೆ ಜಿಲ್ಲೆಯ ಜುನ್ನರ ಭಾಗದಲ್ಲಿ ಅರಣ್ಯ ಇಲಾಖೆ ಮತ್ತು ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯವರು ಇಂಥ ಮರಿಗಳನ್ನು ಸಿಕ್ಕ ಜಾಗದಲ್ಲೇ ಡಬ್ಬಿಯಲ್ಲಿಟ್ಟು, ರಾತ್ರಿ ತಾಯಿ ಬಂದು ಒಯ್ಯುವ ತನಕ ದೂರದಿಂದ ಕಾದಿದ್ದಾರೆ. ಚಿರತೆ ಮರಿಗಳಿಗೂ ಅದನ್ನೇ ಮಾಡುತ್ತಾರೆ. ನಮ್ಮ ಕಡೆಯೂ ಅಷ್ಟೇ: ಆ ಸಾಲು ಕಡಿಯುವುದನ್ನು ನಿಲ್ಲಿಸಿ, ಜನರನ್ನು ದೂರ ಕಳಿಸಿ, ಅರಣ್ಯ ಇಲಾಖೆಗೆ ಫೋನ್ ಮಾಡಿ.

ಊರೊಳಗೆ ಸಿಕ್ಕ ಮರಿಯೂ ಅನಾಥ ಅಂತ ತಕ್ಷಣ ತೀರ್ಮಾನ ಬೇಡ. ತಾಯಿ ಇಲಿ ಹುಡುಕಿ ಹೋಗಿರಬಹುದು. ಮರಿ ಬೆಚ್ಚಗಿದ್ದು, ಸುಮ್ಮನೆ ಮಲಗಿದ್ದರೆ ಕೆಲವು ತಾಸು ದೂರದಿಂದ ಕಾಯಿರಿ. ಕನಿಷ್ಠ 8 ವಾರ ತಾಯಿ ಜೊತೆಗಿದ್ದ ಮರಿ ಗಟ್ಟಿಯಾಗಿರುತ್ತದೆ. "ಕಣ್ಣು ಬಿಟ್ಟೇತಿ, ಒಯ್ರಿ" ಅಂದ್ರೆ ಒಯ್ಯಬೇಡಿ.

ಮರಿಗಳನ್ನು ಸಾಲಾಗಿ ಒಯ್ಯುವ ರೋಗ

2025ರ ಮಾರ್ಚ್‌ನಲ್ಲಿ ರಾಯಚೂರು ಕಡೆ ಬೆಕ್ಕುಗಳು ಸಾಲಾಗಿ ಸತ್ತ ಸುದ್ದಿ ನಿಮ್ಮ ಫೋನಿಗೂ ಬಂದಿರಬಹುದು. ಅಂದು ಸುದ್ದಿಯಾದ ಎಫ್‌ಪಿವಿ, ಅಂದರೆ ಫೆಲೈನ್ ಪ್ಯಾನ್‌ಲ್ಯೂಕೋಪೀನಿಯಾ, ಪಾರ್ವೋ ಜಾತಿಯ ವೈರಸ್. ಮನುಷ್ಯರಿಗೆ ಬರುವುದಿಲ್ಲ. ಆದರೆ ಲಸಿಕೆ ಆಗದ ಮರಿಗೆ ಬಂದು ಚಿಕಿತ್ಸೆ ಸಿಗದಿದ್ದರೆ ಬದುಕುವುದು ಅಪರೂಪ.

ಇದು ಹೇಗೆ ಕೆಲಸ ಮಾಡುತ್ತದೆ ಅಂದ್ರೆ, ದೇಹದಲ್ಲಿ ಎಲ್ಲಿ ಹೊಸ ಕಣಗಳು ವೇಗವಾಗಿ ಹುಟ್ಟುತ್ತವೆಯೋ ಅಲ್ಲಿಗೇ ಹೋಗಿ ಹೊಡೆಯುತ್ತದೆ. ಕರುಳಿನ ಒಳಪದರ ಹಾಳಾಗಿ ವಾಂತಿ, ಭೇದಿ. ಎಲುಬಿನ ಮಜ್ಜೆ ಸೋತು ಬಿಳಿ ರಕ್ತಕಣ ಕುಸಿಯುತ್ತವೆ. ಆಗ ಬೇರೆ ಸೋಂಕುಗಳಿಗೆ ಬಾಗಿಲು ತೆರೆದ ಹಾಗೆ. ವೈರಸ್ಸನ್ನೇ ಕೊಲ್ಲುವ ಮಾಮೂಲಿ ಔಷಧ ಇಲ್ಲ. ಸಲೈನ್, ವಾಂತಿ ನಿಲ್ಲಿಸುವ ಔಷಧ, ಆಂಟಿಬಯಾಟಿಕ್ ಕೊಟ್ಟು ಮರಿಯ ಜೀವ ಹಿಡಿದಿಡುವುದೇ ಚಿಕಿತ್ಸೆ.

ಲಕ್ಷಣ ಗುರುತಿಟ್ಟುಕೊಳ್ಳಿ: ಮರಿ ಮಂಕಾಗುತ್ತದೆ, ಊಟ ಬಿಡುತ್ತದೆ, ಮೈ ಸುಡುತ್ತದೆ, ವಾಂತಿ ಮಾಡುತ್ತದೆ. ನೀರಿನ ಬಟ್ಟಲ ಮುಂದೆ ತಲೆ ತಗ್ಗಿಸಿ ಕೂರುತ್ತದೆ, ಕುಡಿಯುವುದಿಲ್ಲ. ಇಷ್ಟು ಕಂಡರೆ "ನಾಳೆ ನೋಡೋಣ" ಅನ್ನಬೇಡಿ. ಚಿಕ್ಕ ಮರಿಗೆ ಒಂದು ರಾತ್ರಿ ಅಂದ್ರೆ ಬಹಳ ದೊಡ್ಡದು.

ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ವಾರದ ಆಸುಪಾಸು, ಕೆಲವೊಮ್ಮೆ ಎರಡು ವಾರದ ತನಕ ಹಿಡಿಯುತ್ತದೆ. 14 ದಿನದ ಲೆಕ್ಕ ಬಂದದ್ದು ಇಲ್ಲಿಂದ. ನೀವು ಒಯ್ಯುವಾಗ ಜಿಗಿದಾಡುತ್ತಿದ್ದ ಮರಿಯ ಒಳಗೆ ರೋಗ ಆಗಲೇ ಇರಬಹುದು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಟೆಸ್ಟಿಂಗ್ ಮುಗಿಯದೇ ಯಾರೂ ಪ್ರೊಡಕ್ಷನ್‌ಗೆ ಬಿಡೋದಿಲ್ಲ. ಮನೆಯಲ್ಲಿ ಬೇರೆ ಬೆಕ್ಕಿದ್ದರಂತೂ ಹೊಸ ಮರಿಗೆ 14 ದಿನ ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಮಣ್ಣಿನ ಟ್ರೇ. ಮುಟ್ಟಿದ ಮೇಲೆ ಕೈ ತೊಳೆಯಬೇಕು. ಕೋಣೆಯ ಚಪ್ಪಲಿ ಕೋಣೆಯಲ್ಲೇ ಇರಬೇಕು. ಈ ವೈರಸ್ ಕೈ, ಬಟ್ಟೆ, ಚಪ್ಪಲಿಯ ಅಟ್ಟೆ ಹಿಡಿದು ಬರುತ್ತದೆ. ಹೊರಗೆ ಒಂದು ವರ್ಷದ ತನಕವೂ ಬದುಕಬಲ್ಲದು.

ಹಾಗಾಗಿ ಒಂದು ಮರಿ ಈ ರೋಗದಿಂದ ಸತ್ತ ಮನೆಗೆ, ದುಃಖ ಮರೆಯಲು ಅಂತ ಲಸಿಕೆ ಆಗದ ಇನ್ನೊಂದು ಮರಿ ತರುವುದು ಬೇಡ. ನೆಲ ಒರೆಸಲು ಸಾಮಾನ್ಯ ಸೋಪು, ಡೆಟಾಲ್ ಸಾಲದು. ಮೊದಲು ಹೊಲಸೆಲ್ಲ ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 32 ಪಾಲು ನೀರು ಬೆರೆಸಿ, 10 ನಿಮಿಷ ಬಿಟ್ಟು ಮತ್ತೆ ತೊಳೆಯಬೇಕು. ಒಣಗುವ ತನಕ ಬೆಕ್ಕು ಆ ಕಡೆ ಬರಬಾರದು.

ಮರಿ ಪರಚಿದ್ರೆ ಏನಾಗ್ತದ?

ಈಗ ಮನುಷ್ಯರ ವಿಷಯಕ್ಕೆ ಬರೋಣ. ಇಲ್ಲಿ ತಮಾಷೆ ಮಾಡುವಂತಿಲ್ಲ, ಯಾಕಂದ್ರೆ ಇದು ರೇಬೀಸ್. ನಾಯಿಯಿಂದ ಮಾತ್ರ ಬರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಸೋಂಕಿರುವ ಬೆಕ್ಕಿನಿಂದಲೂ ಬರುತ್ತದೆ. "ಇಷ್ಟ ಸಣ್ಣ ಮರಿ, ಅದಕ್ಕೇನ್ ರೇಬೀಸ್ ಬರ್ತದ?" ಅನ್ನುವ ಮಾತಿಗೆ ಆಧಾರ ಇಲ್ಲ. ಮರಿಗೆ ರೇಬೀಸ್ ಲಸಿಕೆ ಹಾಕುವುದೇ ಸುಮಾರು 12 ವಾರದ ಮೇಲೆ. ಅಂದರೆ ನೀವು ತರುವ ಮರಿ ಹೆಚ್ಚಾಗಿ ಲಸಿಕೆ ಆಗದ್ದೇ. ಅದರ ತಾಯಿಯನ್ನು ಯಾವ ನಾಯಿ ಕಚ್ಚಿತ್ತು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಕಚ್ಚಿದರೆ, ಪರಚಿದರೆ ಮೊದಲ ಕೆಲಸ: ಹರಿಯುವ ನೀರು, ಸೋಪು, ಪೂರ್ತಿ 15 ನಿಮಿಷ. ಫೋನ್‌ನಲ್ಲಿ ಟೈಮರ್ ಇಡಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ಆಮೇಲೆ ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ. ರಕ್ತ ಬರದ ಸಣ್ಣ ಗೀರಿಗೂ ಲಸಿಕೆ ಬೇಕು. ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಕೂಡ ಕೊಡುತ್ತಾರೆ. ಚರ್ಮದ ಪದರದಲ್ಲಿ ಕೊಡುವ ಲಸಿಕೆ 0, 3, 7, 28ನೇ ದಿನ. ಕೊನೆಯ ಡೋಸ್ ತನಕ ಬಿಡದೆ ಹೋಗಿ, ಕ್ಯಾಲೆಂಡರ್‌ನಲ್ಲಿ ರಿಮೈಂಡರ್ ಹಾಕಿಕೊಳ್ಳಿ.

ಮನೆಯ ಹಿರಿಯರು "ಹೊಟ್ಟಿಗೆ 14 ಇಂಜೆಕ್ಷನ್" ಅಂತ ಹೆದರಿಸಬಹುದು. ಅದು ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆಯ ನೆನಪು. 2004ರ ಕೊನೆಗೆ ಭಾರತದಲ್ಲಿ ಅದರ ತಯಾರಿಕೆಯೇ ನಿಂತಿತು. ಈಗಿನದು ತೋಳಿಗೆ ಕೊಡುವ ಸಣ್ಣ ಸೂಜಿ.

ಮರಿಯನ್ನು 10 ದಿನ ಕಣ್ಣೆದುರು ಇಟ್ಟುಕೊಳ್ಳಿ. ಅದು ಆರೋಗ್ಯವಾಗಿದ್ದರೆ ಮುಂದಿನ ಡೋಸ್ ಬೇಕೋ ಬೇಡವೋ ಅಂತ ಡಾಕ್ಟರ್ ಹೇಳುತ್ತಾರೆ. ಆದರೆ 10 ದಿನ ನೋಡಿ ಆಮೇಲೆ ಲಸಿಕೆ ಶುರು ಮಾಡೋಣ ಅನ್ನುವುದು ಬೇಡ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಚಿಕಿತ್ಸೆ ಇಲ್ಲ. ರೆಸ್ಕ್ಯೂ ಕೆಲಸ ಮಾಡುವವರಂತೂ ಕಚ್ಚುವ ಮೊದಲೇ ಮುಂಜಾಗ್ರತೆಯ ಲಸಿಕೆ ಹಾಕಿಸಿಕೊಳ್ಳುವುದು ಜಾಣತನ.

ಮನೆಯಲ್ಲಿ ಬಸುರಿ ಇದ್ದರೆ ಬೆಕ್ಕನ್ನು ಬಿಡಬೇಕಾ?

ನಮ್ಮ ಮನೆಯಲ್ಲೇ ಎದ್ದ ಪ್ರಶ್ನೆ ಇದು. ವೈನಿಗೆ ಮೂರು ತಿಂಗಳಾಗಿತ್ತು. ಆಯಿ ಒಂದೇ ಮಾತು: "ಕೂಸಿಗೆ ತ್ರಾಸ ಆಗ್ತದ, ಬೆಕ್ಕ ಎಲ್ಲ್ಯರೆ ಬಿಟ್ಟ ಬಾ." ಆಯಿಯ ಭಯ ಸುಳ್ಳಲ್ಲ. ಟಾಕ್ಸೋಪ್ಲಾಸ್ಮಾ ಅನ್ನುವ ಪರಾವಲಂಬಿ ಜೀವಿ ಬೆಕ್ಕಿನ ಮಲದಲ್ಲಿ ಇರಬಹುದು. ಬಸುರಿದ್ದಾಗ ಮೊದಲ ಸಲ ಸೋಂಕು ತಗುಲಿದರೆ ಹೊಟ್ಟೆಯಲ್ಲಿನ ಕೂಸಿಗೆ ಅಪಾಯ.

ಆದರೆ ಅದರ ದಾರಿ ಗೊತ್ತಿದ್ದರೆ ತಡೆಯೂ ಗೊತ್ತಾಗುತ್ತದೆ. ಬೆಕ್ಕು ಇದನ್ನು ಹೊರಹಾಕುವುದು ಸಾಮಾನ್ಯವಾಗಿ ತನಗೆ ಮೊದಲ ಸಲ ಸೋಂಕಾದಾಗ, ಒಂದರಿಂದ ಮೂರು ವಾರ ಮಾತ್ರ. ಹೊರಬಿದ್ದ ಮೇಲೂ ಅದು ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಅಂದರೆ ಟ್ರೇಯನ್ನು ದಿನಾಲೂ, ಬೇರೆಯವರು ಸ್ವಚ್ಛ ಮಾಡಿದರೆ ಅಪಾಯ ಬಹಳ ಇಳಿಯುತ್ತದೆ. ಅರೆಬೆಂದ ಮಾಂಸ, ಸರಿಯಾಗಿ ತೊಳೆಯದ ತರಕಾರಿ, ಹಿತ್ತಲ ಮಣ್ಣಿನಿಂದಲೂ ಇದೇ ಸೋಂಕು ಬರುತ್ತದೆ. ಬೆಕ್ಕನ್ನು ಹೊರಗೆ ಹಾಕಿ ಇವುಗಳ ಕಡೆ ಗಮನ ಕೊಡದಿದ್ದರೆ ಏನೂ ಸಾಧಿಸಿದ ಹಾಗಾಗಲಿಲ್ಲ.

ಹೆರಿಗೆ ಡಾಕ್ಟರರ ಹತ್ತಿರ ಮಾತಾಡಿದೆವು. ವೈನಿ ಟ್ರೇ ಮುಟ್ಟಲಿಲ್ಲ, ದಿನಾ ಮುಂಜಾನೆ ಅಣ್ಣ ತೆಗೆದ. ಬೆಕ್ಕಿಗೆ ಹಸಿ ಮಾಂಸ ಬಂದ್ ಆಯ್ತು. ಕೂಸೂ ಗಟ್ಟಿಮುಟ್ಟಾಗಿ ಹುಟ್ಟಿತು, ಬೆಕ್ಕೂ ಮನೆಯಲ್ಲೇ ಉಳಿಯಿತು. ಇವತ್ತು ಅದು ಮಲಗುವುದು ಆಯಿಯ ಕೌದಿ ಮೇಲೆ.

ಹಸಿ ಮಾಂಸ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕು ಬೆಕ್ಕುಗಳಲ್ಲಿ ಹಕ್ಕಿಜ್ವರ ಪತ್ತೆಯಾಯಿತು. ಚಿಕನ್ ಅಂಗಡಿಯಿಂದ ತಂದ ತುಂಡನ್ನು ಚೆನ್ನಾಗಿ ಬೇಯಿಸಿಯೇ ಹಾಕಿ.

ಗಜಕರ್ಣ, ಹುಳ, ಚಿಗಟ

ಮರಿಯ ಕಿವಿ, ಮೂತಿ, ಕಾಲಿನ ಮೇಲೆ ದುಂಡಗೆ ಕೂದಲು ಉದುರಿದ್ದರೆ ಅದು ಗಜಕರ್ಣ ಇರಬಹುದು. ಶಿಲೀಂಧ್ರದ ರೋಗ, ನಮ್ಮ ಚರ್ಮಕ್ಕೂ ಅಂಟುತ್ತದೆ. ಪ್ರಾಣಾಪಾಯ ಇಲ್ಲ, ಆದರೆ ಮರಿಗೂ ಮನೆಯವರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಹೆಚ್ಚಾಗುತ್ತದೆ.

ಹೊಟ್ಟೆ ಉಬ್ಬಿ, ಬೆನ್ನು ಬಡಕಲಾಗಿದ್ದರೆ ಜಂತುಹುಳ ಇರಬಹುದು. ಹುಳದ ಔಷಧ ತೂಕ ನೋಡಿ ಡಾಕ್ಟರೇ ಕೊಡಬೇಕು. ಚಿಗಟ ಬಹಳ ಇದ್ದರೆ ಚಿಕ್ಕ ಮರಿಗೆ ರಕ್ತಹೀನತೆ ಆಗುತ್ತದೆ. "ಬೆಕ್ಕು ಪರಚಿದ ಜ್ವರ" ಅನ್ನುವ ಬ್ಯಾಕ್ಟೀರಿಯಾ ಸೋಂಕು ಬೆಕ್ಕಿನಿಂದ ಬೆಕ್ಕಿಗೆ ಹರಡುವುದೂ ಈ ಚಿಗಟದಿಂದಲೇ.

ಇನ್ನು ಅಸ್ತಮಾ. ಕೂದಲು ಹೊಟ್ಟೆಗೆ ಹೋಗಿ ಅಸ್ತಮಾ ಬರುತ್ತದೆ ಅನ್ನುವುದು ಸರಿಯಲ್ಲ. ಬೆಕ್ಕಿನ ಜೊಲ್ಲು, ಚರ್ಮದಲ್ಲಿರುವ ಪ್ರೋಟೀನ್ ಕೆಲವರಿಗೆ ಅಲರ್ಜಿ ತರುತ್ತದೆ, ಮೊದಲೇ ಅಸ್ತಮಾ ಇದ್ದವರಿಗೆ ತ್ರಾಸ ಹೆಚ್ಚಿಸುತ್ತದೆ. ಮನೆಯಲ್ಲಿ ಅಂಥವರಿದ್ದರೆ ಒಯ್ಯುವ ಮೊದಲು ವಾಲಂಟಿಯರ್ ಮನೆಗೆ ಎರಡು ಮೂರು ಸಲ ಕರೆದುಕೊಂಡು ಹೋಗಿ ಕೂತು ಬನ್ನಿ.

ನಮ್ಮ ಮನೆಯಲ್ಲೇ ಇರುವ ವಿಷ

ರೋಗಕ್ಕಿಂತ ಮೊದಲು ಮನೆಯ ವಸ್ತುಗಳೇ ಮರಿಯ ಜೀವ ತೆಗೆಯಬಹುದು.

ಫಿನೈಲ್: ಬೆಕ್ಕಿಗೆ ವಿಷ. ಒರೆಸಿದ ನೆಲದ ಮೇಲೆ ನಡೆದು, ಕಾಲು ನೆಕ್ಕಿಕೊಂಡು ಒಳಗೆ ತೆಗೆದುಕೊಳ್ಳುತ್ತದೆ.

ಪ್ಯಾರಾಸಿಟಮಾಲ್: "ಮೈ ಬಿಸಿ ಐತಿ" ಅಂತ ಕಾಲು ಗುಳಿಗೆ ಕೊಟ್ಟರೂ ಬೆಕ್ಕು ಸಾಯಬಹುದು. ಡೋಲೋ, ಕ್ರೋಸಿನ್ ಯಾವುದೂ ಬೇಡ.

ನಾಯಿಗೆ ಹಾಕುವ ಉಣ್ಣೆ, ಚಿಗಟದ ಔಷಧ: ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ನಡುಕ, ಫಿಟ್ಸ್ ಬರುತ್ತದೆ.

ತಂಬಾಕು: ನಿಪ್ಪಾಣಿ ಕಡೆ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಬೀಡಿ ಕಟ್ಟುತ್ತಾರೆ. ತಂಬಾಕಿನ ಮೊರ ಮರಿಗೆ ಸಿಗದ ಹಾಗೆ ಇಡಿ. ನಿಕೋಟಿನ್ ಸ್ವಲ್ಪವೇ ಸಾಕು.

ಇಲಿ ಪಾಷಾಣ: ತೋಟದ ಮನೆಗಳಲ್ಲಿ ಬೆಕ್ಕನ್ನೂ ಸಾಕಿ, ಪಾಷಾಣವನ್ನೂ ಇಡುತ್ತಾರೆ. ಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದರೆ ಎರಡೂ ಹೋದವು.

ಹಾಲು: ವಿಷ ಅಲ್ಲ. ಆದರೆ ಆಕಳು, ಎಮ್ಮೆ ಹಾಲು ಎಷ್ಟೋ ಮರಿಗಳಿಗೆ ಭೇದಿ ಹಚ್ಚುತ್ತದೆ. ದೊಡ್ಡ ಮರಿಗೆ ನೀರು ಸಾಕು. ತಾಯಿ ಇಲ್ಲದ ಎಳೆ ಮರಿಗೆ ಬೆಕ್ಕಿನ ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ಸಿಗುತ್ತದೆ.

ಲಸಿಕೆ ಎಲ್ಲಿ, ಯಾವಾಗ?

ಎಫ್‌ಪಿವಿ ಮತ್ತು ಎರಡು ನೆಗಡಿ ವೈರಸ್‌ಗಳಿಗೆ ಸೇರಿ ಒಂದೇ ಲಸಿಕೆ ಇದೆ, ಟ್ರೈಕ್ಯಾಟ್ ಅಂತ ಕರೆಯುತ್ತಾರೆ. 6ರಿಂದ 8 ವಾರದ ವಯಸ್ಸಿಗೆ ಶುರು, 3-4 ವಾರಕ್ಕೊಮ್ಮೆ, 16 ವಾರ ತುಂಬುವ ತನಕ. ಇಷ್ಟು ಸಲ ಯಾಕೆ? ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವ ತನಕ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಆ ರಕ್ಷಣೆ ಯಾವ ವಾರ ಇಳಿಯುತ್ತದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. "ಒಂದ್ ಡೋಸ್ ಆಗೇತಿ" ಅಂದ್ರೆ ಕೆಲಸ ಮುಗಿದಿಲ್ಲ ಅಂತ ಅರ್ಥ.

ನಮ್ಮ ತಾಲ್ಲೂಕುಗಳ ದನದ ದವಾಖಾನೆಗಳಲ್ಲಿ ಆಕಳು, ಎಮ್ಮೆ, ಮೇಕೆಗಳ ಕೆಲಸವೇ ಬೆಟ್ಟದಷ್ಟು. ಬೆಕ್ಕಿನ ಲಸಿಕೆ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಇಲ್ಲದಿದ್ದರೆ ನಿಪ್ಪಾಣಿಯವರಿಗೆ ಕೊಲ್ಹಾಪುರ, ಕಾಗವಾಡದವರಿಗೆ ಮಿರಜ ಹತ್ತಿರ, ಉಳಿದವರಿಗೆ ಬೆಳಗಾವಿಯೂ ಇದೆ. ಲಸಿಕೆಯ ಬಾಟಲಿ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಅದನ್ನು ಕಿಸೆಯಲ್ಲಿಟ್ಟು ಬೈಕ್ ಮೇಲೆ ತರುವುದಕ್ಕಿಂತ ಮರಿಯನ್ನೇ ಒಯ್ಯುವುದು ಸುಲಭ. ನಾಲ್ಕೈದು ಮನೆಯವರು ಸೇರಿ ಒಂದೇ ಗಾಡಿ ಮಾಡಿಕೊಂಡರೆ ಖರ್ಚೂ ಹಂಚಿ ಹೋಗುತ್ತದೆ. ತುರ್ತು ಇದ್ದರೆ ಪಶುಪಾಲನಾ ಇಲಾಖೆಯ ಸಹಾಯವಾಣಿ 1962.

ಒಯ್ಯುವ ಮೊದಲು ಕೇಳಿ

ಮರಿಗೆ ಎಷ್ಟು ವಾರ? ಎಲ್ಲಿ ಸಿಕ್ಕಿತು? ಹುಳದ ಔಷಧ ಯಾವತ್ತು ಕೊಟ್ಟಿರಿ? ಲಸಿಕೆಯ ಪುಸ್ತಕ ಇದೆಯಾ, ಸ್ಟಿಕರ್ ಅಂಟಿಸಿದ್ದಾರಾ? ಕಳೆದ ಎರಡು ವಾರದಲ್ಲಿ ನಿಮ್ಮಲ್ಲಿ ಯಾವುದಾದರೂ ಮರಿ ಸತ್ತಿದೆಯಾ? ಕೊನೆಯ ಪ್ರಶ್ನೆ ಕೇಳಲು ಸಂಕೋಚ ಆಗುತ್ತದೆ. ಕೇಳಲೇಬೇಕು. ಒಳ್ಳೆಯ ವಾಲಂಟಿಯರ್ ಸಿಟ್ಟಾಗುವುದಿಲ್ಲ, ನಿಜ ಹೇಳುತ್ತಾರೆ.

ಅವರೂ ನಿಮ್ಮನ್ನು ಕೇಳುತ್ತಾರೆ. ಸ್ವಂತ ಮನೆಯೋ ಬಾಡಿಗೆಯೋ, ನಾಳೆ ಪುಣೆಗೋ ಬೆಂಗಳೂರಿಗೋ ಕೆಲಸ ಸಿಕ್ಕರೆ ಬೆಕ್ಕು ಎಲ್ಲಿರುತ್ತದೆ, ಆಪರೇಷನ್ ಮಾಡಿಸುತ್ತೀರಾ ಅಂತ. "ಹೆಣ್ಣು ಕೊಡೋರಗತೆ ವಿಚಾರ್ಸಾಕತ್ತಾರಲ್ಲೋ" ಅಂತ ನನ್ನ ಗೆಳೆಯನೊಬ್ಬ ನಕ್ಕಿದ್ದ. ವಿಚಾರಿಸಲಿ ಬಿಡಿ. ಬೆಕ್ಕು 12-15 ವರ್ಷ ಬದುಕುತ್ತದೆ, ಅಷ್ಟರಲ್ಲಿ ನಾವು ಎಷ್ಟು ಕಂಪನಿ ಬದಲಿಸುತ್ತೇವೋ ಏನೋ. ಸಾಕಿದ ಪ್ರಾಣಿಯನ್ನು ಹಸಿವೆ, ನೀರಡಿಕೆಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು.

ಆಪರೇಷನ್ ಮಾತು ಮುಂದೂಡಬೇಡಿ. ಹೆಣ್ಣು ಬೆಕ್ಕು 4-5 ತಿಂಗಳಿಗೇ ಬೆದೆಗೆ ಬರಬಹುದು, ಎರಡು ತಿಂಗಳಲ್ಲಿ ಮರಿ ಹಾಕುತ್ತದೆ. ಇವತ್ತು ನೀವು ಉಳಿಸಿದ ಮರಿ ವರ್ಷ ತುಂಬುವುದರೊಳಗೆ ಇನ್ನೊಂದು ರಟ್ಟಿನ ಡಬ್ಬಿ ತುಂಬಬಹುದು. ಆ ಡಬ್ಬಿ ಮತ್ತೆ ಅದೇ ಹುಡುಗಿಯ ಹಿತ್ತಲು ಕೋಣೆಗೇ ಹೋಗುತ್ತದೆ.

ಆದ್ದರಿಂದ ಮುಂದಿನ ಸಲ ಗ್ರೂಪ್‌ನಲ್ಲಿ ಮರಿಗಳ ಫೋಟೋ ಬಂದಾಗ ಇಮೋಜಿ ಒತ್ತುವ ಮೊದಲು ಮೂರು ವಿಷಯ ನೋಡಿಕೊಳ್ಳಿ. 14 ದಿನ ಬಾಗಿಲು ಹಾಕಿಡಲು ಒಂದು ಕೋಣೆ ಇದೆಯೇ? ಎರಡು ದಿನದೊಳಗೆ ಡಾಕ್ಟರ್ ಹತ್ತಿರ ಒಯ್ಯಲು ರಜೆ ಸಿಗುತ್ತದೆಯೇ? ಮನೆಯವರೆಲ್ಲ ಹೂಂ ಅಂದಿದ್ದಾರೆಯೇ? ಮೂರಕ್ಕೂ ಹೌದು ಅನ್ನುವುದಾದರೆ ಬುಟ್ಟಿ ಹಿಡಿದು ಹೊರಡಿ. ಒಂದಕ್ಕೆ ಇಲ್ಲ ಅನಿಸಿದರೂ ಬೇಸರ ಬೇಡ, ಮರಿಯನ್ನು ಅಲ್ಲೇ ಬಿಟ್ಟು ಅದರ ಒಂದು ಡೋಸ್ ಲಸಿಕೆಯ ದುಡ್ಡು ಆ ವಾಲಂಟಿಯರ್‌ಗೆ ಫೋನ್‌ಪೇ ಮಾಡಿ. ಅದೂ ಒಂದು ಜೀವ ಉಳಿಸುವ ಕೆಲಸವೇ.